ಸೊಪ್ಪಿನ ಲೆಕ್ಕ ಯಾರ ಕಡತದಲ್ಲಿದೆ?

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನಿನ ಸ್ವಾಧೀನವನ್ನು ಕೈಬಿಡುವುದಾಗಿ 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಕಟಿಸಿದರು. ವಿಮಾನ ಮತ್ತು ರಕ್ಷಣಾ ಉದ್ಯಮಗಳ ಪಾರ್ಕ್‌ಗಾಗಿ ಗುರುತಿಸಿದ್ದ ಜಮೀನು ಅದು. ಸಾವಿರಕ್ಕೂ ಹೆಚ್ಚು ದಿನ ಧರಣಿ ಕುಳಿತ ರೈತರು ಗೆದ್ದರೆಂದು ಕೆಲವರು ಸಂಭ್ರಮಿಸಿದರು. ಬಂಡವಾಳ ನೆರೆಯ ರಾಜ್ಯದ ಪಾಲಾಗುತ್ತದೆಂದು ಮತ್ತೆ ಕೆಲವರು ಹಳಹಳಿಸಿದರು. ಎರಡೂ ಬಗೆಯ ಪ್ರತಿಕ್ರಿಯೆಗಳಲ್ಲಿ ಒಂದು ಪ್ರಶ್ನೆ ಮಾತ್ರ ನನಗೆ ಕಾಣಿಸಲಿಲ್ಲ. ಅಂಥ ಹಳ್ಳಿಗಳಿಂದ ದಿನವೂ ಬೆಂಗಳೂರಿಗೆ ಬರುವ ತರಕಾರಿ, ಸೊಪ್ಪು, ಹಾಲು, ಹಣ್ಣುಗಳಿಗೆ ಈ ನಗರದ ಭವಿಷ್ಯದ ಲೆಕ್ಕದಲ್ಲಿ ಇರುವ ಸ್ಥಾನವೇನು?

ಈ ಪ್ರಶ್ನೆಯನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ತೊಂಬತ್ತರ ದಶಕದ ನಡುವೆ ಭೂಸ್ವಾಧೀನದ ಅಧಿಕಾರಿಯಾಗಿ ನಗರದ ಹೊರವಲಯದ ಒಂದು ಗ್ರಾಮದಲ್ಲಿ ಬಡಾವಣೆಗಾಗಿ ಜಮೀನು ಸ್ವಾಧೀನಪಡಿಸಿಕೊಳ್ಳುವ ಹೊಣೆ ನನ್ನ ಮೇಲಿತ್ತು. ಕೆರೆಯ ಕೆಳಗಿನ ಬಾಗಾಯ್ತು ಜಮೀನು. ಪಹಣಿಯಲ್ಲಿ ಸೊಪ್ಪು, ಬೀನ್ಸ್, ಸೇವಂತಿಗೆ ಎಂದು ನಮೂದಾಗಿತ್ತು. ಮಹಜರು ನಡೆಸುವಾಗ ಬಾವಿಗೆ ಇಷ್ಟು, ತೆಂಗಿನ ಮರಕ್ಕೆ ಇಷ್ಟು, ಪಂಪಿನ ಮನೆಗೆ ಇಷ್ಟು ಎಂದು ಬರೆದುಕೊಳ್ಳುತ್ತಿದ್ದೆವು. ಅಂಚಿನಲ್ಲಿ ನಿಂತಿದ್ದ ವಯಸ್ಸಾದ ಹೆಂಗಸೊಬ್ಬರು, ‘ಸ್ವಾಮಿ, ಬಾವಿಗಿಷ್ಟು ಮರಕ್ಕಿಷ್ಟು ಅಂತ ಬರ್ಕೊಂಡ್ರಲ್ಲ, ನಾಳಿಂದ ಪೇಟೆಯೋರಿಗೆ ಸೊಪ್ಪು ಎಲ್ಲಿಂದ ಬತ್ತದೆ ಅನ್ನೋದನ್ನ ಎಲ್ಲಿ ಬರ್ಕೊಂಡ್ರಿ?’ ಎಂದು ಕೇಳಿದರು. ಸುತ್ತ ನಿಂತಿದ್ದವರು ನಕ್ಕರು. ನಾನೂ ನಕ್ಕೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನ್ನ ಬಳಿ ಸಿದ್ಧ ಉತ್ತರವಿತ್ತು: ಇಲ್ಲಿ ಬೆಳೆಯದಿದ್ದರೆ ಇನ್ನೆಲ್ಲಿಂದಲೋ ಬರುತ್ತದೆ, ಬೆಲೆ ಇದ್ದಲ್ಲಿಗೆ ಸರಕು ಹರಿದು ಬರುತ್ತದೆ. ಐತೀರ್ಪಿಗೆ ಸಹಿ ಹಾಕಿದೆ. ಮೂವತ್ತು ವರ್ಷಗಳ ಬಳಿಕ ಆ ಉತ್ತರ ಅರ್ಧ ಮಾತ್ರ ಸರಿ ಎಂದು ಒಪ್ಪಿಕೊಳ್ಳಬೇಕಾಗಿದೆ.

ತಾರಸಿಯ ಮಿತಿ

ನಗರ ಕೃಷಿಯೆಂದರೆ ನಮ್ಮ ಮಧ್ಯಮ ವರ್ಗದ ಮನಸ್ಸಿಗೆ ತಟ್ಟನೆ ಹೊಳೆಯುವುದು ತಾರಸಿ ತೋಟ. ಅದು ಒಳ್ಳೆಯ ಹವ್ಯಾಸ. ನನ್ನ ಮನೆಯ ಮೇಲೂ ಹತ್ತಿಪ್ಪತ್ತು ಕುಂಡಗಳಿವೆ. ಆದರೆ ಹವ್ಯಾಸವನ್ನು ನೀತಿಯೆಂದು ಭಾವಿಸುವ ಮೊದಲು ಸ್ವಲ್ಪ ಲೆಕ್ಕ ಹಾಕುವುದು ಒಳಿತು.

30x40 ಅಡಿ ನಿವೇಶನದ ಮನೆಯ ತಾರಸಿಯಲ್ಲಿ ನೀರಿನ ಟ್ಯಾಂಕು, ಸೋಲಾರ್ ಹೀಟರು, ಬಟ್ಟೆ ಒಣಗಿಸುವ ಜಾಗ ಬಿಟ್ಟು 200 ಚದರ ಅಡಿ ತೋಟಕ್ಕೆ ಸಿಕ್ಕಿತು ಎನ್ನೋಣ. ಒಳ್ಳೆಯ ನೀರಾವರಿ ಜಮೀನಿನಲ್ಲಿ ಎರಡು ಬೆಳೆ ಸೇರಿ ವರ್ಷಕ್ಕೆ ಹೆಕ್ಟೇರಿಗೆ 40 ಟನ್ ತರಕಾರಿ ಬರುತ್ತದೆಂದು ಇಟ್ಟುಕೊಂಡು, ಅದೇ ಇಳುವರಿಯನ್ನು ಈ ತಾರಸಿಗೂ ಉದಾರವಾಗಿ ಅನ್ವಯಿಸಿದರೆ, ವರ್ಷಕ್ಕೆ ಸುಮಾರು 75 ಕಿಲೊ ದೊರೆಯುತ್ತದೆ. ಅಂದರೆ ದಿನಕ್ಕೆ 200 ಗ್ರಾಂ. ತಲಾ 300 ಗ್ರಾಂನಂತೆ ನಾಲ್ಕು ಜನರ ಕುಟುಂಬಕ್ಕೆ ದಿನಕ್ಕೆ ಬೇಕಾದದ್ದು 1,200 ಗ್ರಾಂ. ಶ್ರದ್ಧೆಯಿಂದ ದುಡಿದ ತಾರಸಿಯೂ ಮನೆಯ ಅಗತ್ಯದ ಆರನೇ ಒಂದು ಭಾಗವನ್ನಷ್ಟೇ ಪೂರೈಸೀತು. ತಾರಸಿಯೇ ಇಲ್ಲದ ಬಾಡಿಗೆದಾರರ, ವಠಾರದವರ, ಕೊಳೆಗೇರಿಯವರ ಮಾತು ಬೇರೆ. ಆಹಾರದ ಬೆಲೆ ಏರಿದಾಗ ಮೊದಲು ಬಳಲುವವರು ಅವರೇ.

ಈಗ ಇದೇ ಅಳತೆಯನ್ನು ನಗರಕ್ಕೆ ವಿಸ್ತರಿಸೋಣ. ಒಂದು ಕೋಟಿ ಜನಕ್ಕೆ ದಿನಕ್ಕೆ 3,000 ಟನ್, ವರ್ಷಕ್ಕೆ ಸುಮಾರು 11 ಲಕ್ಷ ಟನ್ ತರಕಾರಿ ಬೇಕು. ಅದನ್ನು ಬೆಳೆಯಲು 27 ಸಾವಿರ ಹೆಕ್ಟೇರ್ ಬೇಕು. ಹಿಂದಿನ ಬಿಬಿಎಂಪಿಯ ಒಟ್ಟು ವಿಸ್ತೀರ್ಣದ ಮೂರನೇ ಒಂದಕ್ಕಿಂತ ಹೆಚ್ಚು ಭಾಗ. ನಗರ ತನ್ನ ಗಡಿಯೊಳಗೇ ತನ್ನ ತರಕಾರಿ ಬೆಳೆದುಕೊಳ್ಳುವುದು ಸಾಧ್ಯವಿಲ್ಲ. ಅಕ್ಕಿ, ರಾಗಿ, ಬೇಳೆ, ಎಣ್ಣೆಯ ಪ್ರಶ್ನೆಯಂತೂ ಏಳುವುದೇ ಇಲ್ಲ.

ಅದೇ ಅಳತೆಗೋಲನ್ನು ದೇವನಹಳ್ಳಿಯ ಜಮೀನಿಗೆ ಹಿಡಿದಾಗ ಚಿತ್ರ ಬದಲಾಗುತ್ತದೆ. 1,777 ಎಕರೆ ಎಂದರೆ ಸುಮಾರು 720 ಹೆಕ್ಟೇರ್. ಅಷ್ಟರಲ್ಲೂ ತರಕಾರಿಯನ್ನೇ ಬೆಳೆದರೆ ಸುಮಾರು ಎರಡೂವರೆ ಲಕ್ಷ ಜನರ ವರ್ಷದ ತರಕಾರಿ ಅಲ್ಲಿ ದೊರೆಯುತ್ತದೆ. ತಾರಸಿಗಳಲ್ಲಿ ಅಷ್ಟು ಬೆಳೆಯಲು ಹೆಚ್ಚುಕಡಿಮೆ ನಾಲ್ಕು ಲಕ್ಷ ಮನೆಗಳು ಬೇಕು. ವಾಸ್ತವದಲ್ಲಿ ಆ ಜಮೀನಿನಲ್ಲಿ ರಾಗಿ, ಹಿಪ್ಪುನೇರಳೆ, ದ್ರಾಕ್ಷಿ, ಹೂವು ಎಲ್ಲವೂ ಇವೆ. ಆದ್ದರಿಂದ ಇದನ್ನು ಹೋಲಿಕೆಗಷ್ಟೇ ತೆಗೆದುಕೊಳ್ಳಬೇಕು. ಆದರೆ ಹೋಲಿಕೆ ಹೇಳುವುದು ಸ್ಪಷ್ಟವಾಗಿದೆ. ಕುಂಡಗಳಿಗೆ ಪ್ರೋತ್ಸಾಹ ಕೊಡುತ್ತ, ನಗರದ ಅಂಚಿನ ತೋಟಗಳನ್ನು ಅಳಿಯಲು ಬಿಡುವುದು ಕೊಡದ ಬಾಯಿ ಮುಚ್ಚಿ ತಳ ತೂತು ಮಾಡಿದಂತೆ.

ಭದ್ರತೆ ಬೇರೆ, ಸಾರ್ವಭೌಮತ್ವ ಬೇರೆ

‘ಇನ್ನೆಲ್ಲಿಂದಲೋ ಬರುತ್ತದೆ’ ಎಂಬ ನನ್ನ ಹಳೆಯ ಉತ್ತರ ಎಷ್ಟರಮಟ್ಟಿಗೆ ಸರಿ? ಧಾನ್ಯದ ಮಟ್ಟಿಗೆ ಬಹುಪಾಲು ಸರಿ. ಧಾನ್ಯವನ್ನು ಗೋದಾಮಿನಲ್ಲಿ ಕಾಪಿಡಬಹುದು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯೂ ಅದೇ ವರ್ಷ ರಾಜ್ಯದಲ್ಲಿ ಆರಂಭವಾದ ಅನ್ನಭಾಗ್ಯವೂ ನಿಂತಿರುವುದು ಈ ದಾಸ್ತಾನಿನ ಮೇಲೆ. 2020ರ ಮಾರ್ಚ್ 25ರಂದು ದೇಶ ಸ್ತಬ್ಧವಾದಾಗ ಕೋಟ್ಯಂತರ ಮಂದಿಯನ್ನು ಹಸಿವಿನಿಂದ ಕಾಪಾಡಿದ್ದರಲ್ಲಿ ಪಡಿತರ ವ್ಯವಸ್ಥೆಯ ಪಾಲು ದೊಡ್ಡದು. ಅದನ್ನು ಹೀಗಳೆಯುವವರ ಸಾಲಿಗೆ ನಾನು ಸೇರುವುದಿಲ್ಲ.

ಆದರೆ ಸೊಪ್ಪನ್ನು, ಟೊಮೆಟೊವನ್ನು, ಹಾಲನ್ನು ಗೋದಾಮಿನಲ್ಲಿ ಇಡಲಾಗದು. ಅದೇ ಲಾಕ್‌ಡೌನ್ ದಿನಗಳಲ್ಲಿ ಕಲ್ಲಂಗಡಿ, ದ್ರಾಕ್ಷಿ, ಎಲೆಕೋಸು ಹೊಲದಲ್ಲೇ ಕೊಳೆತವು. ನಗರದ ಅನೇಕ ಮನೆಗಳಲ್ಲಿ ತರಕಾರಿಯಿಲ್ಲದೆ ಬರೀ ಬೇಳೆಸಾರು. ಬೆಳೆಯೂ ಇತ್ತು, ಕೊಳ್ಳುವವರೂ ಇದ್ದರು, ನಡುವಿನ ಕೊಂಡಿ ಕಳಚಿತ್ತು. ಹತ್ತಿರದ ಹಳ್ಳಿಗಳ ರೈತರು ಅಪಾರ್ಟ್‌ಮೆಂಟುಗಳ ಬಾಗಿಲಿಗೇ ತಂದು ಮಾರಿದ್ದು ಆಗಲೇ. ದೂರದ ಪೂರೈಕೆ ತಡೆದುಹೋದಾಗ ಹತ್ತಿರದ್ದು ಕೈಹಿಡಿಯಿತು.

ರೋಗವಿಲ್ಲದ ದಿನಗಳಲ್ಲೂ ಈ ಅಸ್ಥಿರತೆ ಇದೆ. 2023ರ ಜುಲೈನಲ್ಲಿ ಟೊಮೆಟೊ ಕಿಲೊಗೆ ನೂರು ರೂಪಾಯಿ ದಾಟಿತು. ತೋಟಕ್ಕೆ ಕಾವಲು ಹಾಕಿದ ಸುದ್ದಿಗಳನ್ನು ಓದಿದೆವು. ಸೆಪ್ಟೆಂಬರ್ ಹೊತ್ತಿಗೆ ಸಗಟು ದರ ಹತ್ತು ರೂಪಾಯಿಗೂ ಕೆಳಗಿಳಿದು ರೈತರು ರಸ್ತೆಗೆ ಸುರಿಯುವಂತಾಯಿತು. ಎರಡೇ ತಿಂಗಳ ಅಂತರದಲ್ಲಿ ಕೊಳ್ಳುವವನೂ ಬೆಳೆಯುವವನೂ ಸರದಿಯಂತೆ ಸೋತರು. ಇದು ಉತ್ಪಾದನೆಯ ಕೊರತೆ ಮಾತ್ರವಲ್ಲ. ಏನು ಬೆಳೆಯಬೇಕು, ಎಷ್ಟು ಬೆಳೆಯಬೇಕು, ಯಾರು ಕೊಳ್ಳುತ್ತಾರೆ ಎಂಬುದರ ಬಗ್ಗೆ ಇವರಿಬ್ಬರಿಗೂ ಯಾವ ಮಾತೂ ಇಲ್ಲದಿರುವುದರ ಫಲ.

ಆಹಾರ ಸಾರ್ವಭೌಮತ್ವ ಎಂಬ ಪರಿಕಲ್ಪನೆ ಹುಟ್ಟಿದ್ದು ಇದೇ ಕೊರತೆಗೆ ಉತ್ತರವಾಗಿ. 1996ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವ ಆಹಾರ ಶೃಂಗಸಭೆಯ ಸಂದರ್ಭದಲ್ಲಿ ‘ವಿಯಾ ಕಂಪೆಸಿನಾ’ ಎಂಬ ಅಂತರರಾಷ್ಟ್ರೀಯ ರೈತ ಒಕ್ಕೂಟ ಇದನ್ನು ಮುಂದಿಟ್ಟಿತು. ಹೊಟ್ಟೆ ತುಂಬಿತೇ ಎಂದು ಕೇಳುವುದು ಆಹಾರ ಭದ್ರತೆ. ಏನನ್ನು, ಯಾರು, ಹೇಗೆ ಬೆಳೆಯಬೇಕೆಂದು ತೀರ್ಮಾನಿಸುವ ಹಕ್ಕು ಯಾರದು ಎಂದು ಕೇಳುವುದು ಆಹಾರ ಸಾರ್ವಭೌಮತ್ವ. ಇದು ನಮಗೆ ಹೊರಗಿನಿಂದ ಬಂದ ಮಾತೇನಲ್ಲ. ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘ ಆ ಒಕ್ಕೂಟದ ಭಾಗವಾಗಿತ್ತು. ಒಕ್ಕೂಟದ ಮೂರನೆಯ ಅಂತರರಾಷ್ಟ್ರೀಯ ಸಮ್ಮೇಳನ 2000ದಲ್ಲಿ ನಡೆದದ್ದು ಬೆಂಗಳೂರಿನಲ್ಲೇ. ಆಗ ಅದನ್ನು ಬೀಜ ಮತ್ತು ವಿಶ್ವ ವ್ಯಾಪಾರ ಸಂಸ್ಥೆಯ ವಿಷಯವೆಂದಷ್ಟೇ ತಿಳಿದವರಲ್ಲಿ ನಾನೂ ಒಬ್ಬ. ಅದು ನಗರದ ವಿಷಯವೂ ಹೌದೆಂದು ಅರಿವಾಗಲು ತಡವಾಯಿತು.

ಎರಡು ದ್ವೀಪಗಳ ಪಾಠ

ನಗರ ಕೃಷಿಯ ಚರ್ಚೆಯಲ್ಲಿ ಕ್ಯೂಬಾದ ಹೆಸರು ತಪ್ಪದೆ ಬರುತ್ತದೆ. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದಾಗ ಆ ದೇಶಕ್ಕೆ ಬರುತ್ತಿದ್ದ ತೈಲ, ರಸಗೊಬ್ಬರ, ಧಾನ್ಯ ಎಲ್ಲವೂ ಬಹುಮಟ್ಟಿಗೆ ನಿಂತವು. ಟ್ರ್ಯಾಕ್ಟರಿಗೆ ಡೀಸೆಲ್ ಇಲ್ಲ, ಹಳ್ಳಿಯಿಂದ ಹವಾನಾಕ್ಕೆ ತರಕಾರಿ ತರಲು ಲಾರಿ ಇಲ್ಲ. ಜನ ಖಾಲಿ ನಿವೇಶನಗಳಲ್ಲಿ, ಕಟ್ಟಡಗಳ ನಡುವಿನ ಜಾಗದಲ್ಲಿ ಬೆಳೆಯತೊಡಗಿದರು. ‘ಆರ್ಗನೊಪೊನಿಕೊ’ ಎಂದು ಹೆಸರಾದ ತೋಟಗಳಲ್ಲಿ ಅಂಚುಕಟ್ಟಿದ ಮಡಿಗಳಿಗೆ ಕಾಂಪೋಸ್ಟ್ ತುಂಬಿ ಸೊಪ್ಪು ತರಕಾರಿ ಬೆಳೆದು ಅಲ್ಲೇ ಮಾರಿದರು. ಸರ್ಕಾರ ಮಾಡಿದ ಮುಖ್ಯ ಕೆಲಸವೆಂದರೆ, ಭೂಮಿಯ ಒಡೆತನವನ್ನು ತನ್ನಲ್ಲೇ ಉಳಿಸಿಕೊಂಡು ಬೆಳೆಯುವವರಿಗೆ ಅನುಭೋಗದ ಹಕ್ಕು ಕೊಟ್ಟದ್ದು ಮತ್ತು 1994ರಲ್ಲಿ ರೈತ ಮಾರುಕಟ್ಟೆಗಳನ್ನು ತೆರೆದದ್ದು. ಹವಾನಾದ ಹಸಿ ತರಕಾರಿಯ ಕೊರತೆ ಬಹಳಷ್ಟು ನೀಗಿತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಕ್ಯೂಬಾ ಇಂದಿಗೂ ತನ್ನ ಆಹಾರದ ಬಹುಪಾಲನ್ನು ಆಮದು ಮಾಡಿಕೊಳ್ಳುತ್ತದೆ. 2024ರಲ್ಲಿ ಮಕ್ಕಳಿಗೆ ಹಾಲಿನ ಪುಡಿ ಒದಗಿಸಲು ಅದು ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದ ನೆರವು ಕೇಳಬೇಕಾಯಿತು. ತರಕಾರಿ ತೋಟಗಳು ದೇಶದ ಧಾನ್ಯದ, ಹಾಲಿನ, ವಿದೇಶಿ ವಿನಿಮಯದ ಸಮಸ್ಯೆಯನ್ನು ಪರಿಹರಿಸಲಿಲ್ಲ. ಪರಿಹರಿಸುವುದು ಅವುಗಳಿಂದ ಸಾಧ್ಯವೂ ಇರಲಿಲ್ಲ.

ಸಿಂಗಪುರ ಹಿಡಿದದ್ದು ಬೇರೆ ದಾರಿ. ತನ್ನ ಪೌಷ್ಟಿಕಾಂಶದ ಅಗತ್ಯದ ಶೇ 30ರಷ್ಟನ್ನು 2030ರೊಳಗೆ ತಾನೇ ಉತ್ಪಾದಿಸುವ ಗುರಿಯನ್ನು ಅದು 2019ರಲ್ಲಿ ಪ್ರಕಟಿಸಿತು. ಹಣ, ತಂತ್ರಜ್ಞಾನ, ದಕ್ಷ ಆಡಳಿತ ಯಾವುದಕ್ಕೂ ಕೊರತೆಯಿರಲಿಲ್ಲ. ದೀಪದ ಬೆಳಕಿನಲ್ಲಿ ಅಂತಸ್ತಿನ ಮೇಲೆ ಅಂತಸ್ತು ಕಟ್ಟಿ ಸೊಪ್ಪು ಬೆಳೆಯುವ ಸಂಸ್ಥೆಗಳು ಬಂದವು. ವಿದ್ಯುತ್ತಿನ ಮತ್ತು ಬಂಡವಾಳದ ವೆಚ್ಚ ಭರಿಸಲಾಗದೆ ಅವುಗಳಲ್ಲಿ ಹಲವು ಮುಚ್ಚಿದವು. ನೆರೆಯ ಮಲೇಷ್ಯಾದ ಅಗ್ಗದ ತರಕಾರಿಯ ಮುಂದೆ ಅವು ನಿಲ್ಲಲಿಲ್ಲ. 2025ರ ನವೆಂಬರ್‌ನಲ್ಲಿ ಸರ್ಕಾರ ಆ ಗುರಿಯನ್ನೇ ಕೈಬಿಟ್ಟು 2035ಕ್ಕೆ ಹೆಚ್ಚು ಸೀಮಿತವಾದ ಗುರಿಗಳನ್ನು ಹಾಕಿಕೊಂಡಿತು. ತೋಟದ ನೆಲವನ್ನು ಒಮ್ಮೆ ಕಳೆದುಕೊಂಡ ನಗರ ಅದನ್ನು ತಂತ್ರಜ್ಞಾನದಿಂದ ಮರಳಿ ಪಡೆಯಹೊರಟರೆ ತೆರಬೇಕಾದ ಬೆಲೆ ಎಷ್ಟೆಂಬುದಕ್ಕೆ ಇದು ನಿದರ್ಶನ. ನಮ್ಮ ಅದೃಷ್ಟವೆಂದರೆ, ಬೆಂಗಳೂರು ದ್ವೀಪವಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಮಾಗಡಿ, ಆನೇಕಲ್, ದೊಡ್ಡಬಳ್ಳಾಪುರಗಳ ಮಣ್ಣು ಇನ್ನೂ ಕೈಗೆಟಕುವಷ್ಟು ಹತ್ತಿರದಲ್ಲಿದೆ.

ನಮ್ಮದೇ ಪರಂಪರೆ

ಬೆಂಗಳೂರು ತನ್ನ ಸುತ್ತಲ ತೋಟಗಳ ಮೇಲೆಯೇ ಬೆಳೆದ ಊರು. ಕರಗ ಹೊರುವ ತಿಗಳ ಸಮುದಾಯ ತಲೆಮಾರುಗಳಿಂದ ಕೆರೆಯಂಗಳದ ಆಸುಪಾಸಿನಲ್ಲಿ ತೋಟಗಾರಿಕೆಯನ್ನೇ ಕಸುಬಾಗಿ ನಡೆಸಿಕೊಂಡು ಬಂದಿತು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಕೆರೆಗಳೊಂದಿಗೆ ಅವುಗಳ ಕೆಳಗಿನ ತೋಟಗಳೂ ಹೋದವು. ಬೆಂಗಳೂರು ನೀಲಿ ದ್ರಾಕ್ಷಿ, ಬೆಂಗಳೂರು ಗುಲಾಬಿ ಈರುಳ್ಳಿ, ದೇವನಹಳ್ಳಿ ಚಕ್ಕೋತ ಈ ಮೂರಕ್ಕೂ ಭೌಗೋಳಿಕ ಗುರುತು ಸಿಕ್ಕಿದೆ. ಗುರುತಿನ ಪ್ರಮಾಣಪತ್ರ ಉಳಿದು ತೋಟ ಅಳಿಯಬಾರದು ಎಂಬುದಷ್ಟೇ ನನ್ನ ಕಳವಳ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಆ ಸೀಮೆಯಲ್ಲಿ ಜಮೀನಿನ ಬೆಲೆ ಎಷ್ಟೆಷ್ಟು ಪಟ್ಟು ಏರಿತೆಂದು ಎಲ್ಲರೂ ಹೇಳಬಲ್ಲರು. ಎಷ್ಟು ಚಕ್ಕೋತದ ಮರ ಉಳಿದಿದೆಯೆಂದು ಹೇಳುವವರು ಕಡಿಮೆ.

ಮಾರುಕಟ್ಟೆಯ ವಿಷಯದಲ್ಲೂ ನಮಗೆ ಪೂರ್ವಸೂರಿಗಳಿದ್ದರು. ತೋಟಗಾರಿಕಾ ತಜ್ಞ ಡಾ. ಎಂ.ಎಚ್. ಮರಿಗೌಡರ ಪ್ರಯತ್ನದಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದು ಇಂದಿನ ಹಾಪ್‌ಕಾಮ್ಸ್. ಬೆಳೆಗಾರನಿಂದ ನೇರವಾಗಿ ಕೊಂಡು, ತೂಕದಲ್ಲಿ ಮೋಸವಿಲ್ಲದೆ, ಬಡಾವಣೆಯ ಮೂಲೆಯ ಹಸಿರು ಮಳಿಗೆಯಲ್ಲಿ ಮಾರುವ ಆ ವ್ಯವಸ್ಥೆಯನ್ನು ನೋಡಲು ಒಂದು ಕಾಲದಲ್ಲಿ ಬೇರೆ ರಾಜ್ಯಗಳಿಂದ ಅಧಿಕಾರಿಗಳು ಬರುತ್ತಿದ್ದರು. 1999ರಲ್ಲಿ ಆಂಧ್ರದ ರೈತು ಬಜಾರ್, ತಮಿಳುನಾಡಿನ ಉಳವರ್ ಸಂದೈ ಆರಂಭವಾದಾಗ ನಮ್ಮಲ್ಲಿ ಆ ಅನುಭವ ನಾಲ್ಕು ದಶಕದಷ್ಟು ಹಳೆಯದಾಗಿತ್ತು. ಇಂದು ಹಾಪ್‌ಕಾಮ್ಸ್ ಮಳಿಗೆಗಳ ಸಂಖ್ಯೆ ಇಳಿದಿದೆ. ಹತ್ತು ನಿಮಿಷದಲ್ಲಿ ಮನೆಬಾಗಿಲಿಗೆ ತಲುಪಿಸುವ ಕಂಪನಿಗಳು ಆ ಜಾಗ ಹಿಡಿದಿವೆ. ಅವುಗಳ ಅನುಕೂಲವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಾಪ್‌ಕಾಮ್ಸ್‌ನಲ್ಲಿ ಬೆಳೆಗಾರ ಸದಸ್ಯನಾಗಿದ್ದ, ಆಡಳಿತ ಮಂಡಳಿಗೆ ಮತ ಹಾಕುತ್ತಿದ್ದ. ಕಂಪನಿಗೆ ಆತ ಸರಕು ಒದಗಿಸುವವ ಮಾತ್ರ.

ನೀರು, ಕಸ ಮತ್ತು ವಿಷ

ನಗರ ಕೃಷಿಯ ಪರವಾಗಿ ಮಾತನಾಡುವವರು ಅಪರೂಪಕ್ಕೆ ಪ್ರಸ್ತಾಪಿಸುವ ವಿಷಯವೆಂದರೆ ನೀರು. 2024ರ ಮಾರ್ಚ್‌ನ ಬರಗಾಲದಲ್ಲಿ ಬೆಂಗಳೂರು ಜಲಮಂಡಳಿ ಕೈತೋಟಕ್ಕೆ, ವಾಹನ ತೊಳೆಯಲು ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ನಿಗದಿಪಡಿಸಿತು. ಅದು ಸರಿಯಾದ ಕ್ರಮವೇ. ನೂರು ಕಿಲೊಮೀಟರ್ ದೂರದಿಂದ ಮೇಲೆತ್ತಿ ತಂದ ಕಾವೇರಿ ನೀರನ್ನು ಸೊಪ್ಪಿನ ಮಡಿಗೆ ಹಾಯಿಸುವುದು ಆರ್ಥಿಕವಾಗಿಯೂ ನೈತಿಕವಾಗಿಯೂ ಸಲ್ಲದು. ಆದ್ದರಿಂದ ನಗರ ಕೃಷಿಯ ಪ್ರಶ್ನೆ ಬಳಸಿದ ನೀರಿನ ಪ್ರಶ್ನೆಯೂ ಆಗುತ್ತದೆ.

ಅದರ ಎರಡು ಮುಖಗಳೂ ನಮ್ಮ ಕಣ್ಣೆದುರಿಗಿವೆ. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ನಗರದ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಶಾಶ್ವತ ನದಿ ಇಲ್ಲದ, ಕೊಳವೆಬಾವಿಗಳು ಪಾತಾಳಕ್ಕಿಳಿದಿದ್ದ ಜಿಲ್ಲೆಯಲ್ಲಿ ಬತ್ತಿದ ಕೆರೆಗಳು ತುಂಬಿ ಅಂತರ್ಜಲ ಮೇಲೆದ್ದಿದೆ. ನಾವು ತಿನ್ನುವ ಟೊಮೆಟೊ ಕೋಲಾರದ್ದು. ಕೋಲಾರದ ಕೆರೆಯ ನೀರು ನಾವು ಬಳಸಿ ಬಿಟ್ಟದ್ದು. ಊರು ಮತ್ತು ಹಳ್ಳಿಯ ನಡುವೆ ಇದಕ್ಕಿಂತ ನಿಕಟವಾದ ಋಣಾನುಬಂಧ ಇನ್ನೊಂದಿಲ್ಲ. ಆದರೆ ಮೊದಲ ವರ್ಷವೇ ಕೆರೆಯಲ್ಲಿ ನೊರೆ ಕಾಣಿಸಿ ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಮೂರನೇ ಹಂತದ ಸಂಸ್ಕರಣೆ ಬೇಕೆಂದು ಅಲ್ಲಿನ ರೈತರು ಕೇಳುತ್ತಲೇ ಬಂದಿದ್ದಾರೆ. ಇನ್ನೊಂದು ದಿಕ್ಕಿನಲ್ಲಿ, ವೃಷಭಾವತಿಯ ನೀರು ಸೇರುವ ಬೈರಮಂಗಲದ ಸುತ್ತ ದಶಕಗಳಿಂದ ಕೈಗಾರಿಕೆಗಳ ತ್ಯಾಜ್ಯ ಬೆರೆತ ನೀರಿನಲ್ಲೇ ಬೇಸಾಯ ನಡೆದಿದೆ. ಕಲುಷಿತ ನೀರಿನಲ್ಲಿ ಬೆಳೆದ ಸೊಪ್ಪಿನಲ್ಲಿ ಭಾರಲೋಹಗಳು ಸೇರುವುದನ್ನು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಸ್ಥಳೀಯವಾಗಿ ಬೆಳೆದದ್ದೆಲ್ಲ ಶುದ್ಧವೆಂಬುದು ಭ್ರಮೆ. ಹಾಗೆಂದು ಬೆಳೆಗಾರನನ್ನು ದೂಷಿಸುವುದು ಅನ್ಯಾಯ. ಆ ವಿಷವನ್ನು ಹರಿಯಬಿಟ್ಟವರು ನಾವು.

ಕಸದ್ದೂ ಇದೇ ಕಥೆ. ಬೆಂಗಳೂರಿನ ಕಸದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಕೊಳೆಯುವಂಥದ್ದು. ಅದರಿಂದ ಗೊಬ್ಬರ ಮಾಡಲೆಂದೇ 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ದೂರದೃಷ್ಟಿಯ ಆ ಹೆಜ್ಜೆಯ ನಂತರವೂ ನಾವು ಮಾವಳ್ಳಿಪುರವನ್ನೂ ಮಂಡೂರನ್ನೂ ಕಸದ ಗುಡ್ಡಗಳಾಗಿಸಿದೆವು. 2014ರಲ್ಲಿ ಮಂಡೂರಿನ ಜನ ರಸ್ತೆಗಿಳಿದ ಮೇಲಷ್ಟೇ ಅಲ್ಲಿಗೆ ಲಾರಿ ಹೋಗುವುದು ನಿಂತಿತು. ಹಳ್ಳಿಯಿಂದ ತರಕಾರಿ ತರಿಸಿಕೊಂಡು ಅದೇ ಹಳ್ಳಿಗೆ ಗೊಬ್ಬರದ ಬದಲು ಪ್ಲಾಸ್ಟಿಕ್ ಬೆರೆತ ಕಸ ಹಿಂದಿರುಗಿಸುವ ನಗರಕ್ಕೆ ಸ್ವಾವಲಂಬನೆಯ ಮಾತಾಡುವ ಅರ್ಹತೆ ಎಲ್ಲಿಂದ ಬಂದೀತು?

ರೈತನೇ ಮಾರಲು ಬಯಸಿದರೆ?

ಇಲ್ಲಿ ನನ್ನ ಅರ್ಥಶಾಸ್ತ್ರಜ್ಞ ಮಿತ್ರರು ಎತ್ತುವ ಆಕ್ಷೇಪಕ್ಕೆ ತೂಕವಿದೆ. ನಗರದ ಅಂಚಿನ ಒಂದು ಎಕರೆ ಕೋಟ್ಯಂತರ ರೂಪಾಯಿ ಬಾಳುವಾಗ ಅದರಲ್ಲಿ ದಂಟುಸೊಪ್ಪು ಬೆಳೆಯಿರಿ ಎನ್ನುವುದು ಯಾವ ನ್ಯಾಯ? ನಗರದವರಿಗೆ ತಾಜಾ ತರಕಾರಿ ಬೇಕೆಂಬ ಕಾರಣಕ್ಕೆ ರೈತನ ಮಗ ಬಡವನಾಗಿಯೇ ಇರಬೇಕೇ? ದೇವನಹಳ್ಳಿಯಲ್ಲೂ ಎಲ್ಲ ರೈತರ ಅಭಿಪ್ರಾಯ ಒಂದೇ ಆಗಿರಲಿಲ್ಲ. ಸ್ವಇಚ್ಛೆಯಿಂದ ಕೊಡುವವರ ಜಮೀನನ್ನು ಹೆಚ್ಚಿನ ಪರಿಹಾರ ಕೊಟ್ಟು ತೆಗೆದುಕೊಳ್ಳುವುದಾಗಿ ಸರ್ಕಾರ ಅಂದೇ ಹೇಳಿತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಗಿದೆ. ಆಗ ಮಾರುವ ಸ್ವಾತಂತ್ರ್ಯ ಸಿಕ್ಕಿತೆಂದು ಸಂತೋಷಪಟ್ಟ ರೈತರೂ ಇದ್ದರು.

ನನ್ನ ಉತ್ತರ ಇಷ್ಟೇ. ರೈತನನ್ನು ಕಟ್ಟಿಹಾಕುವುದು ಸಲ್ಲದು. ಆದರೆ ಆ ಎಕರೆಯ ಬೆಲೆ ಕೋಟಿಗೇರಿದ್ದು ಮಾರುಕಟ್ಟೆಯ ಸಹಜ ಲೀಲೆಯಿಂದಲ್ಲ. ರಸ್ತೆ, ವಿಮಾನ ನಿಲ್ದಾಣ, ಮೆಟ್ರೊ, ಭೂಪರಿವರ್ತನೆಯ ಆದೇಶ ಇವೆಲ್ಲ ಸಾರ್ವಜನಿಕ ತೀರ್ಮಾನಗಳು. ನಿವೇಶನ ಮಾಡುವವನಿಗೆ ಇಷ್ಟೆಲ್ಲ ನೆರವು ನೀಡಿ, ಬೆಳೆಯುವವನಿಗೆ ಏನನ್ನೂ ಕೊಡದೆ, ‘ನೋಡಿ, ಬೇಸಾಯ ಲಾಭದಾಯಕವಲ್ಲ’ ಎನ್ನುವುದು ತಕ್ಕಡಿಯ ಒಂದು ತಟ್ಟೆಗೆ ಕಲ್ಲಿಟ್ಟು ತೂಗಿದ ಹಾಗೆ. ತೋಟವನ್ನು ಉಳಿಸಿಕೊಳ್ಳುವ ರೈತ ನಗರಕ್ಕೆ ತರಕಾರಿ ಮಾತ್ರ ಕೊಡುತ್ತಿಲ್ಲ. ಮಳೆನೀರು ಇಂಗಲು ನೆಲ, ಬೇಸಿಗೆಗೆ ತಂಪು, ಸಂಕಟಕಾಲಕ್ಕೆ ವಿಮೆ ಇವನ್ನೂ ಕೊಡುತ್ತಿದ್ದಾನೆ. ವಿಮೆಗೆ ಕಂತು ಕಟ್ಟಬೇಕಾದವರು ಅದರ ರಕ್ಷಣೆ ಪಡೆಯುವವರು.

ಮಾಡಬಹುದಾದದ್ದು

ಬಿಬಿಎಂಪಿಯ ಜಾಗದಲ್ಲಿ 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ಪಾಲಿಕೆಗಳೂ ಅಸ್ತಿತ್ವಕ್ಕೆ ಬಂದಿವೆ. ಹೊಸ ಸಂಸ್ಥೆಗಳಿಗೆ ಹಳೆಯ ಕಡತಗಳ ಭಾರ ಕಡಿಮೆ. ಅವು ತಮ್ಮ ಕಾರ್ಯಸೂಚಿಗೆ ಆಹಾರವನ್ನು ಸೇರಿಸಿಕೊಳ್ಳಲು ಇದು ಸಕಾಲ.

ಮೊದಲನೆಯದು ಕೊಳ್ಳುವಿಕೆ. ಬೆಳೆಗಾರನಿಗೆ ಉಪದೇಶಕ್ಕಿಂತ ಖಚಿತವಾದ ಗಿರಾಕಿ ಮುಖ್ಯ. 2017ರಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನು, ವಿದ್ಯಾರ್ಥಿನಿಲಯ, ಅಂಗನವಾಡಿ, ಶಾಲೆಯ ಬಿಸಿಯೂಟ, ಸರ್ಕಾರಿ ಆಸ್ಪತ್ರೆ ಇವುಗಳಿಗೆ ಬೇಕಾದ ತರಕಾರಿಯ ನಿರ್ದಿಷ್ಟ ಪಾಲನ್ನು ಸುತ್ತಲಿನ ಸಣ್ಣ ಬೆಳೆಗಾರರ ಸಂಘಗಳಿಂದ ಮುಂಚಿತ ಒಪ್ಪಂದದ ಮೇಲೆ ಕೊಳ್ಳಬೇಕು. ಬ್ರೆಜಿಲ್ 2009ರ ಕಾನೂನಿನಲ್ಲಿ, ಶಾಲಾ ಊಟಕ್ಕೆ ಕೇಂದ್ರ ಕೊಡುವ ಹಣದ ಕನಿಷ್ಠ ಶೇ 30ರಷ್ಟನ್ನು ಕುಟುಂಬ ಕೃಷಿಕರಿಂದ ಕೊಳ್ಳಲು ಬಳಸಬೇಕೆಂದು ಕಡ್ಡಾಯಗೊಳಿಸಿತು. ಆ ದೇಶದ ಬೆಲೊ ಹೊರಿಜಾಂಟೆ ನಗರ 1993ರಷ್ಟು ಹಿಂದೆಯೇ ಆಹಾರ ಪೂರೈಕೆಗೆ ಪ್ರತ್ಯೇಕ ಇಲಾಖೆ ತೆರೆದು, ಅಗ್ಗದ ಊಟದ ಭೋಜನಶಾಲೆಗಳನ್ನೂ ರೈತರ ನೇರ ಮಾರಾಟವನ್ನೂ ಒಂದೇ ಸೂರಿನಡಿ ತಂದಿತು. ಕ್ಯಾಂಟೀನು ನಮ್ಮಲ್ಲೂ ಇದೆ, ಸಹಕಾರ ಸಂಘವೂ ಇದೆ. ಎರಡನ್ನೂ ಜೋಡಿಸುವ ಆದೇಶ ಮಾತ್ರ ಬೇಕಾಗಿದೆ.

ಎರಡನೆಯದು ಅನುಭೋಗದ ಹಕ್ಕು. ಸರ್ಕಾರಿ ಸಂಸ್ಥೆಗಳ ಬಳಿ ವರ್ಷಗಟ್ಟಲೆ ಬೇಲಿ ಹಾಕಿ ಬಿಟ್ಟ ಖಾಲಿ ಜಾಗಗಳು ನಗರದಲ್ಲಿ ಸಾಕಷ್ಟಿವೆ. ಅವುಗಳ ಒಡೆತನ ಬಿಟ್ಟುಕೊಡದೆ, ಐದು ವರ್ಷದ ಕರಾರಿನ ಮೇಲೆ ಆಯಾ ವಾರ್ಡಿನ ಮಹಿಳಾ ಸ್ವಸಹಾಯ ಸಂಘಗಳಿಗೆ ಬೆಳೆಯಲು ಕೊಡಬಹುದು. ಕೇರಳದ ಕುಟುಂಬಶ್ರೀ ಸಂಘಗಳ ಮಹಿಳೆಯರು ಗೇಣಿ ಜಮೀನಿನಲ್ಲಿ ಗುಂಪಾಗಿ ಬೆಳೆದು ತೋರಿಸಿದ್ದಾರೆ. ತಾರಸಿ ಇಲ್ಲದವರಿಗೆ ನಗರ ಕೃಷಿಯಲ್ಲಿ ಪಾಲು ಸಿಗುವುದು ಈ ಮೂಲಕವೇ.

ಮೂರನೆಯದು ನೀರು ಮತ್ತು ಗೊಬ್ಬರದ ಪರೀಕ್ಷೆ. ಸಂಸ್ಕರಿಸಿದ ನೀರನ್ನು, ನಗರದ ಕಾಂಪೋಸ್ಟನ್ನು ಕೃಷಿಗೆ ಕೊಡುವಾಗ ಅದರ ಗುಣಮಟ್ಟದ ವರದಿಯನ್ನು ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಕನ್ನಡದಲ್ಲಿ ಪ್ರಕಟಿಸಬೇಕು. ಪರೀಕ್ಷೆಯ ವೆಚ್ಚ ನಗರದ್ದು.

ನಾಲ್ಕನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಕಡತದ ವಿಷಯ. 2013ರ ಭೂಸ್ವಾಧೀನ ಕಾಯ್ದೆಯ 10ನೇ ಕಲಂ, ಬಹುಬೆಳೆಯ ನೀರಾವರಿ ಜಮೀನನ್ನು ಬೇರೆ ದಾರಿಯೇ ಇಲ್ಲದಾಗ ಮಾತ್ರ ಸ್ವಾಧೀನಪಡಿಸಿಕೊಳ್ಳಬಹುದೆನ್ನುತ್ತದೆ. ಅಷ್ಟೇ ವಿಸ್ತೀರ್ಣದ ಬೇರೆ ಜಮೀನನ್ನು ಕೃಷಿಗೆ ಅಭಿವೃದ್ಧಿಪಡಿಸಬೇಕು, ಇಲ್ಲವೇ ಆ ಮೌಲ್ಯವನ್ನು ಆಹಾರ ಭದ್ರತೆಗಾಗಿ ಠೇವಣಿ ಇಡಬೇಕೆನ್ನುತ್ತದೆ. ಆದರೆ ಕ���ಗಾರಿಕಾ ಪ್ರದೇಶಗಳಿಗಾಗಿ, ಬಡಾವಣೆಗಳಿಗಾಗಿ ರಾಜ್ಯದ ಪ್ರತ್ಯೇಕ ಕಾಯ್ದೆಗಳಡಿ ನಡೆಯುವ ಸ್ವಾಧೀನಗಳಲ್ಲಿ ಈ ರಕ್ಷಣೆ ದೂರವೇ ಉಳಿದಿದೆ. ಬೆಂಗಳೂರಿನ ಸುತ್ತ ನಡೆಯುವ ಸ್ವಾಧೀನ ಬಹುತೇಕ ಅಂಥದ್ದೇ. ಯಾವ ಕಾಯ್ದೆಯಡಿ ನಡೆದರೂ ಪ್ರತಿ ಪ್ರಸ್ತಾವದ ಜತೆ ಒಂದು ಪುಟ ಸೇರಿಸುವುದು ಕಡ್ಡಾಯವಾಗಲಿ: ಈ ಜಮೀನಿನಲ್ಲಿ ಏನು ಬೆಳೆಯುತ್ತದೆ, ಎಷ್ಟು ಬೆಳೆಯುತ್ತದೆ, ಯಾವ ಮಾರುಕಟ್ಟೆಗೆ ಹೋಗುತ್ತದೆ, ಇದು ನಿಂತರೆ ಆ ಕೊರತೆಯನ್ನು ಎಲ್ಲಿಂದ, ಎಷ್ಟು ದೂರದಿಂದ ತುಂಬಲಾಗುತ್ತದೆ. ಅದನ್ನು ಗ್ರಾಮಸಭೆಯ ಮುಂದೆಯೂ ನಗರ ಪಾಲಿಕೆಯ ಮುಂದೆಯೂ ಇಡಲಿ. ಆ ಪುಟ ಸ್ವಾಧೀನವನ್ನು ತಡೆಯದಿರಬಹುದು. ಆದರೆ ತೀರ್ಮಾನ ಕೈಗೊಳ್ಳುವವರು ಏನನ್ನು ಕಳೆದುಕೊಳ್ಳುತ್ತಿದ್ದೇವೆಂದು ತಿಳಿದೇ ಸಹಿ ಹಾಕಬೇಕಾಗುತ್ತದೆ.

ನಾನು ಸಹಿ ಹಾಕಿದ ಆ ಕಡತದಲ್ಲಿ ಬಾವಿ ಇತ್ತು, ತೆಂಗಿನ ಮರಗಳಿದ್ದವು, ಪಂಪಿನ ಮನೆ ಇತ್ತು. ಸೊಪ್ಪು ಇರಲಿಲ್ಲ. ಈಗ ಅಲ್ಲಿ ಅಚ್ಚುಕಟ್ಟಾದ ರಸ್ತೆಗಳಿವೆ, ಉದ್ಯಾನವಿದೆ, ಸಾವಿರಾರು ಕುಟುಂಬಗಳು ನೆಮ್ಮದಿಯಿಂದ ಬದುಕುತ್ತಿವೆ. ಮನೆಯೂ ಜನರ ಅಗತ್ಯವೇ ಎಂಬುದನ್ನು ನಾನು ಮರೆತಿಲ್ಲ. ನಾನು ನಿವೃತ್ತನಾಗಿ ನೆಲೆಸಿರುವ ಬಡಾವಣೆಯೂ ಇನ್ನಾವುದೋ ಹಳ್ಳಿಯ ತೋಟದ ಮೇಲೆ ಎದ್ದದ್ದೇ. ಬೆಳಗಿನ ಆರು ಗಂಟೆಗೆ ಸೊಪ್ಪು ಮಾರಲು ಗಾಡಿಯಲ್ಲಿ ಬರುವಾಕೆಯನ್ನು ಈಚೆಗೆ ಕೇಳಿದೆ, ‘ಎಲ್ಲಿಂದ ತರ್ತೀಯಮ್ಮ?’ ಮಾಲೂರಿನ ಆಚೆಯಿಂದ ಲಾರಿಯಲ್ಲಿ ಬರುತ್ತದೆ, ರಾತ್ರಿ ಎರಡಕ್ಕೆ ಮಾರ್ಕೆಟ್ಟಿಗೆ ಹೋಗಿ ತರುತ್ತೇನೆ ಎಂದಳು. ಮೊದಲೆಲ್ಲ ಇಲ್ಲೇ ಹಿಂದುಗಡೆ ಸಿಗುತ್ತಿತ್ತಂತೆ, ಅವರಮ್ಮ ನಡೆದು ಹೋಗಿ ಕೊಯ್ದು ತರುತ್ತಿದ್ದರಂತೆ. ಮೂವತ್ತು ವರ್ಷಗಳ ಹಿಂದೆ ಆ ಹಿರಿಯಾಕೆ ಕೇಳಿದ್ದಕ್ಕೆ ಉತ್ತರ ಇದೇ: ಸೊಪ್ಪು ಬರುತ್ತಿದೆ, ಇನ್ನಷ್ಟು ದೂರದಿಂದ. ಆ ದೂರ ಎಲ್ಲಿಯವರೆಗೆ ಹಿಗ್ಗಬಹುದೆಂಬುದನ್ನು ಲೆಕ್ಕ ಹಾಕಿ ಬರೆದಿಡಬೇಕಾದವರು ಇನ್ನಾದರೂ ಬರೆದಿಡಲಿ.